ಹಾಡು ಮುಗಿದ ಮೇಲೆ ತನ್ನ ಹೆಸರು ಹೇಳಿದಾಕೆ

ಹಾಸ್ಟೆಲಿನಲ್ಲಿ ಯಾರ ಫೋನ್ ತೆಗೆದು ನೋಡಿದರೂ ಒಂದು ಪ್ಲೇಲಿಸ್ಟ್ ಇದ್ದೇ ಇರುತ್ತೆ. ಒಬ್ಬನದು ಬರೀ ರಾಕ್, ಇನ್ನೊಬ್ಬಂದು ಪಿ.ಬಿ. ಶ್ರೀನಿವಾಸ್, ಮೂಲೆ ರೂಮಿನವನದು ತತ್ವಪದ, ಭಜನೆ. ಯಾವ ಆಲ್ಬಂ ಕೇಳಬೇಕು ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ಳೋದು, ಅದು ಯಾಕೆ ಚಲೋ ಅಂತ ಊಟದ ಹೊತ್ತಿನಲ್ಲಿ ಜಗಳ ಆಡೋದು ಎಲ್ಲ ಕಾಲೇಜಿನಲ್ಲೂ ನಡೆಯೋದೇ. ಈ ಸಂಚಿಕೆಗೆ ನನ್ನ ಕಡೆಯಿಂದ ಒಂದೇ ಹೆಸರು: ಗೌಹರ್ ಜಾನ್. ಖಯಾಲ್, ಠುಮ್ರಿ, ದಾದ್ರಾ, ಕಜರಿ, ಹೋರಿ, ತರಾನಾ, ಭಜನ್ ಎಲ್ಲವನ್ನೂ ಒಬ್ಬರೇ ಹಾಡಿ, 600ಕ್ಕೂ ಹೆಚ್ಚು ರೆಕಾರ್ಡ್ ಕೊಟ್ಟು ಹೋದವರು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದವರು. ಕೊನೆಯುಸಿರು ಎಳೆದದ್ದು ನಮ್ಮದೇ ಮೈಸೂರಿನಲ್ಲಿ.

ಹಾಡು ಕೇಳುವ ಮೊದಲು ಅವರ ಬದುಕು ಸ್ವಲ್ಪ ಗೊತ್ತಿರಬೇಕು. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

1873ರ ಜೂನ್ 26ರಂದು ಉತ್ತರ ಪ್ರದೇಶದ ಆಜಮ್‌ಗಢದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಇಟ್ಟ ಹೆಸರು ಏಂಜೆಲಿನಾ ಯೋವಾರ್ಡ್. ಅಪ್ಪ ಅರ್ಮೇನಿಯನ್ ಮೂಲದವನು, ಐಸ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಹೌದ್ರಿ, ನಮ್ಮ ಜಾತಿಯವನೇ! ಅಮ್ಮ ವಿಕ್ಟೋರಿಯಾ, ಹಾಡು ನೃತ್ಯ ಎರಡೂ ಬಲ್ಲವಳು. ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ, 1879ರಲ್ಲಿ, ಗಂಡ ಹೆಂಡತಿ ಬೇರೆಯಾದರು. ಕೈಯಲ್ಲಿ ಕಾಸಿಲ್ಲ, ಬೆನ್ನಿಗೆ ಯಾರೂ ಇಲ್ಲ. ಖುರ್ಷಿದ್ ಎಂಬ ಸಂಗೀತಪ್ರೇಮಿಯ ಆಸರೆಯಲ್ಲಿ ತಾಯಿ ಮಗಳು 1881ರಲ್ಲಿ ಬನಾರಸಿಗೆ ಬಂದರು. ಅಲ್ಲಿ ಇಬ್ಬರೂ ಇಸ್ಲಾಂ ಸ್ವೀಕರಿಸಿದರು. ವಿಕ್ಟೋರಿಯಾ ಹೋಗಿ ಮಲ್ಕಾ ಜಾನ್ ಆದಳು, ಏಂಜೆಲಿನಾ ಹೋಗಿ ಗೌಹರ್ ಜಾನ್ ಆದಳು. ಗೌಹರ್ ಅಂದರೆ ರತ್ನ.

1883ರಲ್ಲಿ ಅವರು ಕಲ್ಕತ್ತೆಗೆ ಹೋದರು. ಅವಧದ ರಾಜ್ಯ ಕಳೆದುಕೊಂಡ ನವಾಬ ವಾಜಿದ್ ಅಲಿ ಶಾ ಆಗ ಕಲ್ಕತ್ತೆಯ ಮಟಿಯಾಬುರ್ಜ್‌ನಲ್ಲಿದ್ದ. ರಾಜ್ಯ ಹೋಗಿದ್ದರೂ ಅವನ ಸುತ್ತ ಲಖನೌದ ಗಾಯಕರು, ನರ್ತಕರು ಹಾಗೇ ಉಳಿದಿದ್ದರು. ಮಲ್ಕಾ ಜಾನ್‌ಗೆ ಅಲ್ಲಿ ಹೆಸರು ಬಂತು, ಹಣ ಬಂತು. ಕೆಲವೇ ವರ್ಷಗಳಲ್ಲಿ ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆ ಕೊಂಡಳು. ಮಗಳ ಕಲಿಕೆಗೆ ಮಾತ್ರ ಏನೂ ಕಡಿಮೆ ಮಾಡಲಿಲ್ಲ. ಪಟಿಯಾಲಾ ಕಡೆಯ ಉಸ್ತಾದರಿಂದ ಖಯಾಲ್, ಬಿಂದಾದೀನ್ ಮಹಾರಾಜರಿಂದ ಕಥಕ್, ಚರಣ್ ದಾಸರಿಂದ ಬಂಗಾಳಿ ಕೀರ್ತನ, ಸೃಜನ್‌ಬಾಯಿಯಿಂದ ದ್ರುಪದ ಧಮಾರ್. ಒಂದೇ ಘರಾನಾ ಹಿಡಿದು ಕೂತವರಲ್ಲ ಇವರು. ಮುಂದೆ ಅಷ್ಟೊಂದು ಪ್ರಕಾರಗಳಲ್ಲಿ ಹಾಡಲು ಸಾಧ್ಯವಾದದ್ದು ಇದರಿಂದಲೇ. 1887ರಲ್ಲಿ, ಇನ್ನೂ ಹದಿನಾಲ್ಕರ ಹುಡುಗಿ, ದರ್ಭಂಗಾ ದರ್ಬಾರಿನಲ್ಲಿ ಮೊದಲ ಕಛೇರಿ ಮಾಡಿದರು.

ಈಗ ನಮಗೆ ಬೇಕಾದ ಭಾಗಕ್ಕೆ ಬರೋಣ. 1902ರಲ್ಲಿ ಲಂಡನ್ನಿನ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಯವರು ಫ್ರೆಡ್ ಗೈಸ್‌ಬರ್ಗ್ ಎಂಬ ರೆಕಾರ್ಡಿಂಗ್ ತಜ್ಞನನ್ನು ಭಾರತಕ್ಕೆ ಕಳಿಸಿದರು. ಮಷೀನು ಮಾರಬೇಕಂದರೆ ಇಲ್ಲಿಯವರ ಹಾಡು ಬೇಕು, ಅಷ್ಟೇ ಲೆಕ್ಕ. ಕಲ್ಕತ್ತೆಯ ಹೋಟೆಲೊಂದರ ಎರಡು ದೊಡ್ಡ ಕೋಣೆಗಳು ಸ್ಟುಡಿಯೋ ಆದವು. ನವೆಂಬರ್ ತಿಂಗಳಲ್ಲಿ ಗೌಹರ್ ಜಾನ್ ಬಂದು ಹಾಡಿದರು. ಭಾರತದಲ್ಲಿ ಮೊಟ್ಟಮೊದಲು ರೆಕಾರ್ಡ್ ಆದ ದನಿ ಅವರದೇ ಅಂತ ತುಂಬ ಕಡೆ ಬರೆದಿರ್ತಾರೆ. ಅವರಿಗಿಂತ ಮೊದಲು ಅದೇ ಕೋಣೆಯಲ್ಲಿ ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ರಂಗಭೂಮಿಯ ಹುಡುಗಿಯರು ಹಾಡಿದ್ದರು. ಆದರೆ ದೇಶವೆಲ್ಲ ಗುರುತಿಸಿದ ಮೊದಲ ರೆಕಾರ್ಡಿಂಗ್ ತಾರೆ ಗೌಹರ್ ಜಾನ್ ಅನ್ನೋದರಲ್ಲಿ ಎರಡು ಮಾತಿಲ್ಲ. ಒಂದು ಸಲದ ರೆಕಾರ್ಡಿಂಗಿಗೆ ಅವರು ಕೇಳಿದ್ದು 3,000 ರೂಪಾಯಿ. ಆ ಕಾಲದಲ್ಲಿ! ಕಂಪನಿ ಕೊಟ್ಟಿತು.

ಆಗ ಮೈಕ್ ಇರಲಿಲ್ಲ, ಆಂಪ್ಲಿಫೈಯರ್ ಇರಲಿಲ್ಲ, ರೆಕಾರ್ಡಿಂಗಿಗೆ ವಿದ್ಯುತ್ತಿನ ಸಂಬಂಧವೇ ಇಲ್ಲ. ಎಲ್ಲ ಮೆಕ್ಯಾನಿಕಲ್. ದೊಡ್ಡ ಕಹಳೆಯಂಥ ಹಾರ್ನಿನ ಬಾಯಿಗೆ ಮುಖ ಒಡ್ಡಿ ಗಾಯಕಿ ಗಟ್ಟಿಯಾಗಿ ಹಾಡಬೇಕು. ದನಿಯ ಒತ್ತಡಕ್ಕೆ ಹಾರ್ನಿನ ತುದಿಯ ತೆಳು ಪೊರೆ ಅದುರುತ್ತೆ, ಅದಕ್ಕೆ ಕಟ್ಟಿದ ಮೊಳೆ ತಿರುಗುವ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತೆ. ಆ ಮೇಣದ ತಟ್ಟೆಯನ್ನು ಜರ್ಮನಿಯ ಹ್ಯಾನೋವರಿಗೆ ಹಡಗಿನಲ್ಲಿ ಕಳಿಸಬೇಕು. ಅಲ್ಲಿ ಅದರ ಮೇಲೆ ಲೋಹದ ಲೇಪ ಕೂರಿಸಿ ಅಚ್ಚು ತೆಗೆದು, ಅರಗಿನ ಡಿಸ್ಕ್ ಒತ್ತಿ, ಮತ್ತೆ ಹಡಗಿನಲ್ಲಿ ವಾಪಸ್. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಂಪನಿಯ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಅಲ್ಲಿಯವರೆಗೆ ಇಲ್ಲಿ ಹಾಡಿದ್ದು ಇಲ್ಲಿಯವರ ಕಿವಿಗೆ ಬೀಳಲು ತಿಂಗಳುಗಟ್ಟಲೆ ಕಾಯಬೇಕಿತ್ತು.

ಇದರಲ್ಲಿ ಎರಡು ತೊಡಕು. ಮೊದಲನೆಯದು ಸಮಯ. ಹತ್ತಿಂಚಿನ ತಟ್ಟೆಯಲ್ಲಿ ಸುಮಾರು ಮೂರು ನಿಮಿಷ ಹಿಡಿಸುತ್ತೆ. ನಮ್ಮ ಖಯಾಲ್ ಗಾಯಕರಿಗೆ ಆಲಾಪ ಶುರುಮಾಡಲೂ ಮೂರು ನಿಮಿಷ ಸಾಲದು. ಎಷ್ಟೋ ದೊಡ್ಡ ಉಸ್ತಾದರು ಈ ತಟ್ಟೆಯ ಹತ್ತಿರವೂ ಬರಲಿಲ್ಲ. ಗೌಹರ್ ಜಾನ್ ಮಾಡಿದ್ದು ಬೇರೆ. ರಾಗದ ಮುಖ ಮೊದಲ ಕೆಲವು ಸೆಕೆಂಡಿನಲ್ಲೇ ತೋರಿಸಿ, ಬಂದಿಶ್ ಹಿಡಿದು, ನಡುವೆ ನಾಲ್ಕೇ ನಾಲ್ಕು ತಾನ್ ಮಿಂಚಿಸಿ, ಟೈಮಿಗೆ ಸರಿಯಾಗಿ ಮುಗಿಸಿದರು. ಒಂದು ರಾಗವನ್ನು ಮೂರು ನಿಮಿಷಕ್ಕೆ ಇಳಿಸೋದು ಹೇಗೆ ಅನ್ನೋ ಡಿಸೈನ್ ಸಮಸ್ಯೆಗೆ ಅವರು ಕಂಡುಕೊಂಡ ಉತ್ತರವನ್ನು ಮುಂದಿನ ಐವತ್ತು ವರ್ಷ ಎಲ್ಲರೂ ಬಳಸಿದರು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಕೊಟ್ಟ 78 ಆರ್‌ಪಿಎಂ ತಟ್ಟೆಗಳೂ ಇದೇ ಮೂರು ನಿಮಿಷದ ದಾರಿಯಲ್ಲಿ ಬಂದವೇ.

ಎರಡನೆಯ ತೊಡಕು ಗುರುತಿನದು. ಹ್ಯಾನೋವರಿನ ಕೆಲಸಗಾರರಿಗೆ ನಮ್ಮ ಭಾಷೆ ಬಾರದು. ಯಾವ ತಟ್ಟೆ ಯಾರದು, ಲೇಬಲ್ ಯಾವುದಕ್ಕೆ ಯಾವುದು? ಅದಕ್ಕೇ ಹಾಡು ಮುಗಿದ ಕೂಡಲೇ ಗಾಯಕರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳೋ ರೂಢಿ ಬಂತು. ಗೌಹರ್ ಜಾನ್ ತಾನ್ ಮುಗಿಸಿ, ಉಸಿರು ಕೂಡ ಎಳೆದುಕೊಳ್ಳದೆ, ಜೋರಾಗಿ ತನ್ನ ಹೆಸರು ಹೇಳ್ತಾರೆ. ಆ ದನಿಯಲ್ಲಿ ಒಂದಿಷ್ಟು ತುಂಟತನ ಐತಿ, ಒಂದಿಷ್ಟು ಗತ್ತು ಐತಿ.

ಅದಾದ ಮೇಲೆ ಹೆಸರು ಎಲ್ಲೆಲ್ಲೂ ಹರಡಿತು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೆಟ್ಟಿಗೆಯ ಮೇಲೂ ಅವರ ಚಿತ್ರ ಬಂತು. 1911ರ ದೆಹಲಿ ದರ್ಬಾರಿನ ಹೊತ್ತಿನಲ್ಲಿ ಅಲಹಾಬಾದಿನ ಜಾನಕಿಬಾಯಿ ಜೊತೆ ಚಕ್ರವರ್ತಿ ಐದನೇ ಜಾರ್ಜ್ ಎದುರು ಹಾಡಿದರು. ಹಾಕಿದ ಒಡವೆ ಎರಡನೇ ಸಲ ಹಾಕುತ್ತಿರಲಿಲ್ಲ, ಸಾಕಿದ ಬೆಕ್ಕು ಮರಿ ಹಾಕಿದ್ದಕ್ಕೆ ಊರಿಗೆಲ್ಲ ಊಟ ಹಾಕಿಸಿದ್ದರು ಅಂತೆಲ್ಲ ಕತೆಗಳಿವೆ. ಕತೆ ಎಷ್ಟು ಖರೆ ಎಷ್ಟು ಸುಳ್ಳು ಅನ್ನೋದು ಇರಲಿ, ಜನ ಯಾರ ಮೇಲೆ ಇಂಥ ಕತೆ ಕಟ್ಟುತ್ತಾರೆ ಅನ್ನೋದು ನಿಮಗೂ ಗೊತ್ತು.

ಆದರೆ ಇಷ್ಟೆಲ್ಲ ಆದ ಮೇಲೂ ತಾನು ಯಾರು ಅಂತ ಅವರು ಕೋರ್ಟಿನಲ್ಲಿ ನಿಂತು ಸಾಬೀತು ಮಾಡಬೇಕಾಯಿತು. 1906ರಲ್ಲಿ ತಾಯಿ ತೀರಿಕೊಂಡರು. ಮನೆಯಲ್ಲೇ ಬೆಳೆದ ಸೇವಕಿಯ ಮಗ ಭಗ್ಲು, ಮಲ್ಕಾ ಜಾನ್‌ಳ ಮಗ ತಾನೇ, ಆಸ್ತಿ ತನಗೆ ಸೇರಬೇಕು ಅಂತ ದಾವೆ ಹೂಡಿದ. ದೇಶವೆಲ್ಲ ಹೆಸರು ಬಲ್ಲ ಹೆಣ್ಣುಮಗಳು ತನ್ನ ತಾಯಿಗೆ ತಾನೇ ಮಗಳು ಅಂತ ಸಾಕ್ಷಿ ಹುಡುಕಿಕೊಂಡು ಅಲೆದರು. ಅಲಹಾಬಾದಿನ ಚರ್ಚಿನಲ್ಲಿ ಆದ ದೀಕ್ಷಾಸ್ನಾನದ ದಾಖಲೆ ಬೇಕಾಯಿತು. ಎಂದೋ ಕೈಬಿಟ್ಟು ಹೋಗಿದ್ದ ಅಪ್ಪನನ್ನು ಹುಡುಕಿ, ಅವನ ಬಾಯಿಂದ ಹೌದು ಅನ್ನಿಸಬೇಕಾಯಿತು. ಕೇಸು ಗೆದ್ದರು. ಆಮೇಲೆ ಕಾರ್ಯದರ್ಶಿಯಾಗಿ ಬಂದು ಬಾಳಸಂಗಾತಿಯಾದ ಅಬ್ಬಾಸ್ ಜೊತೆ ಇನ್ನೊಂದು ವ್ಯಾಜ್ಯ. ಅದರಲ್ಲಿ ಆಸ್ತಿ ಕರಗಿತು, ಮನಸ್ಸೂ ಕರಗಿತು.

ಕಲ್ಕತ್ತೆ ಬಿಟ್ಟರು. ಡಾರ್ಜಿಲಿಂಗ್, ರಾಂಪುರ, ಮುಂಬೈ ಅಂತ ಊರೂರು ಅಲೆದರು. ಕೊನೆಗೆ ಕೈ ಹಿಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. 1928ರ ಆಗಸ್ಟ್ 1ರಂದು ಗೌಹರ್ ಜಾನ್ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾದರು. ತಿಂಗಳಿಗೆ 500 ರೂಪಾಯಿ ಸಂಬಳ, ಇರಲು ದಿಲ್‌ಖುಷ್ ಕಾಟೇಜ್. ಒಂದು ಕಾಲಕ್ಕೆ ಒಂದು ರೆಕಾರ್ಡಿಂಗಿಗೆ ಪಡೆಯುತ್ತಿದ್ದ ಹಣ ಈಗ ಆರು ತಿಂಗಳ ಸಂಬಳ. ಸುತ್ತಮುತ್ತ ತನ್ನವರು ಅಂತ ಯಾರೂ ಇಲ್ಲ. ಒಂದೂವರೆ ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 56.

ಎಷ್ಟೋ ವರ್ಷಗಳ ನಂತರ ಮೈಸೂರು ಅರಮನೆಯ ಹಳೇ ಕಡತಗಳಲ್ಲಿ ಅವರ ಕಾಗದಪತ್ರಗಳು ಬೆಂಗಳೂರಿನ ವಿಕ್ರಂ ಸಂಪತ್ ಅವರ ಕಣ್ಣಿಗೆ ಬಿದ್ದವು. ಅವರೂ ಎಂಜಿನಿಯರಿಂಗ್ ಓದಿದವರೇ. ಬೆನ್ನು ಹತ್ತಿ ಹುಡುಕಿ 2010ರಲ್ಲಿ ಗೌಹರ್ ಜಾನ್ ಜೀವನಚರಿತ್ರೆ ತಂದರು. ಪುಸ್ತಕಕ್ಕೆ ಇಟ್ಟ ಹೆಸರು ಯಾವುದು ಗೊತ್ತಾ? ರೆಕಾರ್ಡಿನ ಕೊನೆಯ ಆ ಘೋಷಣೆಯನ್ನೇ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಮಸ್ಕಿ. ದೇವಾನಾಂಪ್ರಿಯ ಎಂಬ ರಾಜನ ಶಾಸನಗಳು ದೇಶದ ತುಂಬ ಸಿಕ್ಕಿದ್ದವು, ಅವನು ಅಶೋಕನೇ ಅಂತ ವಿದ್ವಾಂಸರು ಊಹಿಸಿದ್ದರು. ಆದರೆ 1915ರಲ್ಲಿ ಚಿನ್ನ ಹುಡುಕಿಕೊಂಡು ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆಯ ಮೇಲೆ ಅಶೋಕ ಅನ್ನೋ ಹೆಸರೇ ಇತ್ತು. ಊಹೆ ನಿಂತಿತು, ಗುರುತು ಗಟ್ಟಿಯಾಯಿತು. ಬಂಡೆಯಾಗಲಿ ಅರಗಿನ ತಟ್ಟೆಯಾಗಲಿ, ಹೆಸರು ಕೊರೆದಿದ್ದರೆ ಅದರ ಬೆಲೆಯೇ ಬೇರೆ. ಕೋರ್ಟು ನೀನು ಯಾರು ಅಂತ ಕೇಳುವ ಎಷ್ಟೋ ಮೊದಲೇ ಗೌಹರ್ ಜಾನ್ ಉತ್ತರ ಕೊರೆದಿಟ್ಟಿದ್ದರು. ಅದೂ ಹುಟ್ಟಿದಾಗ ಇಟ್ಟ ಹೆಸರಲ್ಲ, ಹಾಡಿ ಗಳಿಸಿದ ಹೆಸರು.

ಈಗ ಏನು ಕೇಳಬೇಕು ಅನ್ನೋದು. ಆಲ್ಬಂ ಅಂತ ಅವರದು ಇರೋದಿಲ್ಲ, ಆಗ ಆ ಪದ್ಧತಿಯೇ ಇರಲಿಲ್ಲ. ಫೋಟೋ ಆಲ್ಬಮಿನಂಥ ಪುಸ್ತಕದಲ್ಲಿ ಹಲವು ತಟ್ಟೆ ಸೇರಿಸಿಟ್ಟ ಮೇಲೆ ಆ ಹೆಸರು ಸಂಗೀತಕ್ಕೂ ಬಂತು. ಹಾಗಾಗಿ ಆಲ್ಬಂ ನೀವೇ ಕಟ್ಟಿಕೊಳ್ಳಿ. ನನ್ನ ಕ್ರಮ ಹೀಗೆ. ಮೊದಲು ಭೂಪಾಲಿ, ಐದೇ ಸ್ವರದ ರಾಗ, ಹೊಸ ಕಿವಿಗೂ ಹಿಡಿಯುತ್ತೆ. ಆಮೇಲೆ ಭೈರವಿ ಠುಮ್ರಿ, ಇಲ್ಲಿ ಅವರ ಲಯದ ಆಟ ಗೊತ್ತಾಗುತ್ತೆ. ಮೂರನೆಯದು ಜೋಗಿಯಾ. ಇದನ್ನು ಕೇಳಿದ ಬೆನ್ನಿಗೇ ಅಬ್ದುಲ್ ಕರೀಂ ಖಾನರ ಜೋಗಿಯಾ ಠುಮ್ರಿ ಹಾಕಿ, ಒಂದೇ ರಾಗ ಇಬ್ಬರ ಕೈಯಲ್ಲಿ ಹೇಗೆ ಬೇರೆ ಅಂತ ನೋಡ್ರಿ. ನಾಲ್ಕನೆಯದು ಒಂದು ಬಂಗಾಳಿ ಹಾಡು. ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳ ಗೆಳೆಯರು ನಿಮಗಿದ್ದರೆ ಅವರ ಮನೆಯ ಹಿರಿಯರಿಗೆ ಕೇಳಿಸಿ ಅರ್ಥ ಕೇಳಿ. ಪೂರ್ವ ಬಂಗಾಳದಿಂದ ಇಲ್ಲಿಯವರೆಗೆ ಬಂದವರ ಮಾತು ನೂರು ವರ್ಷದ ಹಿಂದಿನ ತಟ್ಟೆಯಲ್ಲಿ ಕೇಳೋದು ಸಣ್ಣ ವಿಷಯವಲ್ಲ.

ಹುಡುಕೋದು ಕಷ್ಟವಿಲ್ಲ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕು, ಇವು ಎಂದೋ ಮುಕ್ತ. ಅಂತರ್ಜಾಲದಲ್ಲಿ ಬಿಟ್ಟಿ ಸಿಗ್ತವೆ. ಲಿಂಗಸುಗೂರಿನಿಂದ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಕೇಳಬೇಡಿ, ಎಂಜಿನ್ ಸದ್ದಿಗೆ ಅರ್ಧ ಹೋಗುತ್ತೆ. ರಾತ್ರಿ, ಹೆಡ್‌ಫೋನಿನಲ್ಲಿ ಕೇಳಿ. ಮೊದಲ ಸಲ ಕರಕರ ಸದ್ದೇ ಜಾಸ್ತಿ ಅನ್ನಿಸುತ್ತೆ, ತಬಲಾದ ಎಡಗೈ ಕೇಳಿಸೋದೇ ಇಲ್ಲ. ಹಾರ್ನಿಗೆ ಕೆಳಗಿನ ಮತ್ತು ಮೇಲಿನ ಕಂಪನಾಂಕ ಹಿಡಿಯುವ ಶಕ್ತಿ ಇರಲಿಲ್ಲ, ಅದಕ್ಕೆ. ಸದ್ದು ತೆಗೀತೀನಿ ಅಂತ ಫಿಲ್ಟರ್ ಜೋರು ಮಾಡಬೇಡಿ, ದನಿಯ ಹೊಳಪೂ ಹೋಗುತ್ತೆ. ಎರಡನೇ ಸಲಕ್ಕೆ ಕಿವಿಯೇ ಕರಕರವನ್ನು ಪಕ್ಕಕ್ಕೆ ಸರಿಸುತ್ತೆ.

ಇನ್ನೊಂದು ಮಾತು. ಹಾಡು ಮುಗೀತು ಅಂತ ಮುಂದಿನದಕ್ಕೆ ಹಾರಬೇಡಿ. ಕೊನೆಯ ಐದು ಸೆಕೆಂಡು ಕಾಯಿರಿ, ಅವರು ಹೆಸರು ಹೇಳ್ತಾರೆ.