ಸರ್ ಜೋಸೆಫ್ ವಿಟ್‌ವರ್ತ್: ನಳಿಗೆ ಮತ್ತು ಗುಂಡಿನ ಹೊಂದಿಕೆಯನ್ನು ಅಳೆದವನು

ಕೋವಿಯ ಗುರಿ ತಪ್ಪಿದರೆ ಹಿಡಿದವನ ಕೈಯನ್ನು ದೂರುವುದು ಲೋಕರೂಢಿ. ಕೈ ನಡುಗಿತು, ಕಣ್ಣು ಕದಲಿತು, ಉಸಿರು ನಿಲ್ಲಲಿಲ್ಲ ಎಂದು ಕಾರಣಗಳನ್ನು ಹುಡುಕುವೆವು. ಇವು ನಿಜವಿರಬಹುದು. ಆದರೆ ಕದಲದಂತೆ ಚೌಕಟ್ಟಿಗೆ ಬಿಗಿದ ಕೋವಿಯೂ ಹತ್ತು ಗುಂಡುಗಳನ್ನು ಒಂದೇ ತೂತಿನಲ್ಲಿ ಹಾಯಿಸಲಾರದು. ಅಲ್ಲಿ ನಡುಗುವ ಕೈಯಿಲ್ಲ, ಕದಲುವ ಕಣ್ಣಿಲ್ಲ. ಹಾಗಿದ್ದರೆ ತಪ್ಪು ನಳಿಗೆಯದೋ ಗುಂಡಿನದೋ? ತಪ್ಪಿರುವುದು ಅವೆರಡರ ಹೊಂದಿಕೆಯಲ್ಲಿ ಎಂಬುದನ್ನು ಅಳತೆಯಿಂದ ತೋರಿಸಿಕೊಟ್ಟವರಲ್ಲಿ ಆಂಗ್ಲ ಯಂತ್ರಶಿಲ್ಪಿ ಸರ್ ಜೋಸೆಫ್ ವಿಟ್‌ವರ್ತನು ಅಗ್ರಗಣ್ಯನು. ಆತನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ. ಯುದ್ಧಸಾಮಗ್ರಿಯ ಪ್ರಶಂಸೆ ನಮ್ಮ ಉದ್ದೇಶವಲ್ಲ. ಕಾರ್ಯಕ್ಕೆ ಮೊದಲು ಪರೀಕ್ಷೆ ಎಂಬ ನಿಯಮವನ್ನು ಬಿಡದೆ ನಡೆದವನ ಬಾಳು ಕಚೇರಿ ನಡೆಸುವವರಿಗೂ ಕಾರ್ಖಾನೆ ನಡೆಸುವವರಿಗೂ ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ವಿಟ್‌ವರ್ತನು 1803ನೆಯ ಇಸವಿ ಡಿಸೆಂಬರ್ 21ರಂದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಪಟ್ಟಣದಲ್ಲಿ ಉಪಾಧ್ಯಾಯನೊಬ್ಬನ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಹದಿನಾಲ್ಕರ ಪ್ರಾಯದಲ್ಲಿ ಅವನನ್ನು ಸೋದರಮಾವನ ಹತ್ತಿ ಗಿರಣಿಗೆ ಸೇರಿಸಿದರು. ಮುಂದೆ ಗಿರಣಿಯ ಒಡೆತನದಲ್ಲಿ ಪಾಲು ಸಿಗಬಹುದಾಗಿತ್ತು. ಹುಡುಗನ ಮನಸ್ಸಾದರೋ ನೂಲಿನಲ್ಲಿ ನಿಲ್ಲದೆ ನೂಲನ್ನು ತೆಗೆಯುವ ಯಂತ್ರದಲ್ಲಿ ನಿಂತಿತು. ಬಂಧುಗಳು ತೋರಿದ ದಾರಿಯನ್ನು ಬಿಟ್ಟು ಮ್ಯಾಂಚೆಸ್ಟರಿಗೆ ಹೋಗಿ ಸಾಮಾನ್ಯ ಕೆಲಸಗಾರನಾದನು. ತರುವಾಯ 1825ರಲ್ಲಿ ಲಂಡನ್ನಿಗೆ ಬಂದು, ಆ ಕಾಲದಲ್ಲಿ ಯಂತ್ರಶಿಲ್ಪಕ್ಕೆ ಗುರುಪೀಠದಂತಿದ್ದ ಹೆನ್ರಿ ಮಾಡ್‌ಸ್ಲಿಯ ಕಾರ್ಖಾನೆಯಲ್ಲಿ ಕೈಪಳಗಿಸಿಕೊಂಡನು. 1833ರಲ್ಲಿ ಮ್ಯಾಂಚೆಸ್ಟರಿಗೆ ಹಿಂದಿರುಗಿ ಸ್ವಂತ ಕಾರ್ಖಾನೆಯನ್ನು ತೆರೆದನು.

ಆತನ ಮೊದಲ ಸಾಧನೆ ಬರಿಯ ಒಂದು ಸಮತಲವಾದ ಕಬ್ಬಿಣದ ಹಲಗೆ. ಇದರಲ್ಲೇನು ಹೆಚ್ಚುಗಾರಿಕೆಯೆಂದು ಕೇಳಬಹುದು. ಎರಡು ಹಲಗೆಗಳನ್ನು ಒಂದಕ್ಕೊಂದು ಉಜ್ಜಿ ಸರಿಪಡಿಸಿದರೆ ಅವು ಪರಸ್ಪರ ಕೂಡಿಕೊಂಡಾವು. ಆದರೆ ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಕೂಡಿಕೊಳ್ಳುವುವಷ್ಟೆ! ಮೂರು ಹಲಗೆಗಳನ್ನು ಮಾಡಿ, ಯಾವ ಎರಡನ್ನು ಇಟ್ಟರೂ ಕೂಡುವಂತೆ ಕೆರೆದು ತಿದ್ದಿದರೆ ಮಾತ್ರ ಮೂರೂ ನಿಜವಾಗಿ ಸಮತಲವಾಗುವುವು. ಈ ಕ್ರಮವನ್ನು ಆತನು 1840ರಲ್ಲಿ ವಿದ್ವತ್ಸಭೆಯ ಮುಂದೆ ವಿವರಿಸಿದನು. ಮರುವರ್ಷ ತಿರುಪುಮೊಳೆಗಳ ಸರದಿ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ತಿರುಪು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಕೂಡುತ್ತಿರಲಿಲ್ಲ. ವಿಟ್‌ವರ್ತನು ಹಲವು ಕಾರ್ಖಾನೆಗಳ ತಿರುಪುಗಳನ್ನು ತರಿಸಿ ಹೋಲಿಸಿ, 55 ಡಿಗ್ರಿ ಕೋನದ ಒಂದೇ ಮಾದರಿಯನ್ನು ಗೊತ್ತುಮಾಡಿದನು. ಆ ಮಾದರಿ ಬ್ರಿಟಿಷ್ ಸಾಮ್ರಾಜ್ಯವೆಲ್ಲವನ್ನೂ ವ್ಯಾಪಿಸಿ, ನಮ್ಮ ದೇಶದಲ್ಲಿಯೂ ಬಹುಕಾಲ ಬಳಕೆಯಲ್ಲಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲಿನ ವ್ಯತ್ಯಾಸವನ್ನೂ ತೋರಿಸಬಲ್ಲ ಅಳತೆಯ ಯಂತ್ರವನ್ನು ಆತನು ಮುಂದಿಟ್ಟಾಗ ಲೋಕವು ಬೆರಗಾಯಿತು.

ಇಂಥವನ ಬಳಿಗೆ 1854ರಲ್ಲಿ ಸರಕಾರವು ಬಂದಿತು. ಕ್ರಿಮಿಯಾ ಯುದ್ಧವು ನಡೆದಿತ್ತು. ಕೋವಿಗಳು ಬೇಗ ಬೇಕಾಗಿದ್ದುವು. ಎನ್‌ಫೀಲ್ಡ್ ಕೋವಿಯನ್ನು ರಾಶಿರಾಶಿಯಾಗಿ ಮಾಡುವ ಯಂತ್ರಗಳನ್ನು ರಚಿಸಿಕೊಡಬೇಕೆಂದು ಕೇಳಿದರು. ಒಪ್ಪಿಕೊಂಡಿದ್ದರೆ ಕೈತುಂಬ ಹಣ. ವಿಟ್‌ವರ್ತನು ಮೊದಲು ಕೋವಿ ಮಾಡುವವರನ್ನು ವಿಚಾರಿಸಿದನು. ಒಳ್ಳೆಯ ನಳಿಗೆ ಒಳ್ಳೆಯದೇಕೆ, ಕೆಟ್ಟದ್ದು ಕೆಟ್ಟದ್ದೇಕೆ ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಉತ್ತಮವಾದ ನಳಿಗೆ ಯಾವುದೆಂಬುದೇ ತಿಳಿಯದಿರುವಾಗ ಲಕ್ಷಗಟ್ಟಲೆ ನಳಿಗೆಗಳನ್ನು ಮಾಡುವ ಯಂತ್ರವೇಕೆ? ಮೊದಲು ಪರೀಕ್ಷೆ ನಡೆಯಲಿ ಎಂದು ಆತನು ಪಟ್ಟುಹಿಡಿದನು. ಸರಕಾರದ ಖರ್ಚಿನಿಂದ ಆತನ ಮನೆಯ ಆವರಣದಲ್ಲಿ 500 ಗಜ ಉದ್ದದ ಮುಚ್ಚಿದ ಗುಂಡುಹಾರಿಕೆಯ ಅಂಕಣವನ್ನು ಕಟ್ಟಿದರು. ಬಿರುಗಾಳಿಗೆ ಅದು ಕೆಡೆಯಿತು; ಮತ್ತೆ ಕಟ್ಟಿ 1855ರಲ್ಲಿ ಪರೀಕ್ಷೆಗೆ ತೊಡಗಿದರು. ಅಂಕಣದ ಉದ್ದಕ್ಕೂ ತೆಳುಗಾಗದದ ತೆರೆಗಳನ್ನು ನಿಲ್ಲಿಸಿ, ಗುಂಡು ತೂರಿದ ತೂತುಗಳಿಂದ ಅದರ ದಾರಿಯನ್ನೂ ವಾಲಿಕೆಯನ್ನೂ ಓದಿಕೊಂಡರು.

ಪರೀಕ್ಷಿಸಿದ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಬುಗುರಿಯು ತಿರುಗುತ್ತಿರುವವರೆಗೆ ನೆಟ್ಟಗೆ ನಿಲ್ಲುವುದು, ತಿರುಗು ನಿಂತೊಡನೆ ಬೀಳುವುದು. ಗುಂಡೂ ಹಾಗೆಯೇ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದರೆ, ಮದ್ದಿನ ಒತ್ತಡದಿಂದ ಹೊರಡುವ ಗುಂಡು ಆ ಸುರುಳಿಯನ್ನು ಹಿಡಿದು ತಿರುಗುತ್ತ ಹೊರಬಿದ್ದು, ಮೂತಿ ಮುಂದಾಗಿಯೇ ಸಾಗುವುದು. ಗುಂಡು ಉದ್ದವಾದಷ್ಟೂ ಗಾಳಿಯಲ್ಲಿ ಮಗುಚುವ ಸ್ವಭಾವ ಹೆಚ್ಚು. ಅದಕ್ಕೆ ತಿರುಗೂ ಹೆಚ್ಚು ಬೇಕು. ಎನ್‌ಫೀಲ್ಡ್ ಕೋವಿಯ ರಂಧ್ರವು 0.577 ಅಂಗುಲ, ಸುರುಳಿಯು 78 ಅಂಗುಲಕ್ಕೆ ಒಂದು ಸುತ್ತು. ನಳಿಗೆಯ ಉದ್ದವೇ 39 ಅಂಗುಲವಾದುದರಿಂದ ಗುಂಡು ಅರ್ಧ ಸುತ್ತು ಮಾತ್ರ ತಿರುಗಿ ಹೊರಬೀಳುತ್ತಿತ್ತು. ವಿಟ್‌ವರ್ತನು ಮೆಲ್ಲನೆಯ ತಿರುವಿನಿಂದ ಅತಿ ಬಿರುಸಾದ ತಿರುವಿನವರೆಗೆ ನಾನಾ ನಳಿಗೆಗಳನ್ನು ಮಾಡಿ ನೋಡಿ, ಕಡೆಗೆ 0.45 ಅಂಗುಲದ ಕಿರುರಂಧ್ರವನ್ನೂ 20 ಅಂಗುಲಕ್ಕೊಂದು ಸುತ್ತನ್ನೂ ಆರಿಸಿದನು. ಸೆಕೆಂಡಿಗೆ 1,200 ಅಡಿ ವೇಗವೆಂದು ಹಿಡಿದರೆ ಎನ್‌ಫೀಲ್ಡ್ ಗುಂಡು ಸೆಕೆಂಡಿಗೆ ಸುಮಾರು 185 ಸುತ್ತು ತಿರುಗಿದರೆ, ವಿಟ್‌ವರ್ತನ ಗುಂಡು 720 ಸುತ್ತು ತಿರುಗುವುದು. ಗುಂಡಿನ ತೂಕವು ಎರಡಕ್ಕೂ ಒಂದೇ, 530 ಗ್ರೇನ್. ಆದರೆ ಅದೇ ಸೀಸವು ಕಿರಿದಾದ ರಂಧ್ರದಲ್ಲಿ ನೀಳವಾಗಿ, ಗಾಳಿಯನ್ನು ಕಡಿಮೆ ಮುಖದಿಂದ ಸೀಳಿ, ವೇಗವನ್ನು ಉಳಿಸಿಕೊಂಡು ದೂರ ಸಾಗುತ್ತಿತ್ತು.

ಇನ್ನೊಂದು ತೊಡಕಿತ್ತು. ತಿರುವು ಬಿರುಸಾದರೆ ಮೆದು ಸೀಸವು ಗೀರುಗಳನ್ನು ಹಿಡಿಯಲಾರದೆ ಹರಿದು ಜಾರಬಹುದು. ಇದಕ್ಕಾಗಿ ಆತನು ಗೀರುಗಳನ್ನೇ ಬಿಟ್ಟು, ರಂಧ್ರವನ್ನು ಆರು ಮುಖವುಳ್ಳ ಸುರುಳಿಯಾಗಿ ಕೊರೆದು, ಗುಂಡನ್ನೂ ಅದೇ ಆರು ಮುಖಕ್ಕೆ ಸರಿಯಾಗಿ ಎರಕಹೊಯ್ದನು. ತಿರುಪಿಗೆ ನಟ್ಟು ಕೂಡುವಂತೆ ನಳಿಗೆಗೆ ಗುಂಡು ಕೂಡಿತು.

1857ರಲ್ಲಿ ಹೈತ್ ಎಂಬಲ್ಲಿ ಎರಡು ಕೋವಿಗಳನ್ನೂ ಪಂಥಕ್ಕೆ ಇಟ್ಟರು. 500 ಗಜದ ದೂರದಲ್ಲಿ ಎನ್‌ಫೀಲ್ಡಿನ ಗುಂಡುಗಳು ನಡುವಿನಿಂದ ಸರಾಸರಿ ಸುಮಾರು 27 ಅಂಗುಲ ಸರಿದರೆ ವಿಟ್‌ವರ್ತನವು ಸುಮಾರು ನಾಲ್ಕೂವರೆ ಅಂಗುಲ ಮಾತ್ರ ಸರಿದುವು. 1,400 ಗಜದಲ್ಲಿ ಎನ್‌ಫೀಲ್ಡ್ ಗುರಿಯ ಹಲಗೆಯನ್ನೇ ಮುಟ್ಟಲಿಲ್ಲ. ಅದೇ ವರ್ಷ ಅದೇ ಎನ್‌ಫೀಲ್ಡ್ ಕೋವಿಯು ನಮ್ಮ ದೇಶದಲ್ಲಿ ಎಬ್ಬಿಸಿದ ಕಿಚ್ಚನ್ನು ವಾಚಕರು ಬಲ್ಲರು. ಮಸಿ ಕಟ್ಟಿದ ನಳಿಗೆಯಲ್ಲಿ ಗುಂಡು ಸರಾಗವಾಗಿ ಇಳಿಯಲೆಂದು ಅದರ ತೋಟಾಕ್ಕೆ ಕೊಬ್ಬು ಸವರುತ್ತಿದ್ದರು. ಆ ಕೊಬ್ಬು ಯಾವುದೆಂಬ ಸಂಶಯವು ಹಿಂದೂ ಮುಸಲ್ಮಾನ ಸಿಪಾಯಿಗಳಿಬ್ಬರನ್ನೂ ಕೆರಳಿಸಿತು. ಮೇ 10ರಂದು ಮೀರತ್ ಸಿಡಿಯಿತು. ದಂಗೆಗೆ ಬೇರುಗಳು ಬೇರೆಯೂ ಇದ್ದುವು. ಆದರೆ ಗುಂಡಿಗೂ ನಳಿಗೆಗೂ ಹೊಂದಿಕೆಯನ್ನು ನೋಡಿದ ಅಧಿಕಾರಿಗಳು ತೋಟಾಕ್ಕೂ ಅದನ್ನು ಹಲ್ಲಿನಿಂದ ಕಚ್ಚಬೇಕಾದ ಮನುಷ್ಯನಿಗೂ ಹೊಂದಿಕೆಯಿದೆಯೇ ಎಂದು ನೋಡಲಿಲ್ಲ. ಪರೀಕ್ಷೆಯನ್ನು ಅರ್ಧಕ್ಕೆ ನಿಲ್ಲಿಸಿದುದರ ಫಲವನ್ನು ಉಭಯರೂ ಉಂಡರು.

ಇಷ್ಟು ಗೆದ್ದರೂ ಸರಕಾರವು ವಿಟ್‌ವರ್ತನ ಕೋವಿಯನ್ನು ಸೈನ್ಯಕ್ಕೆ ಸ್ವೀಕರಿಸಲಿಲ್ಲ. ರಂಧ್ರವು ತೀರ ಕಿರಿದು, ಬೇಗ ಮಸಿ ಕಟ್ಟುವುದು, ಖರ್ಚು ಹೆಚ್ಚು ಎಂಬುವು ಆಕ್ಷೇಪಣೆಗಳು. ನ್ಯಾಯವಾಗಿ ಹೇಳಬೇಕಾದರೆ ಮಸಿಯ ಮಾತು ಸುಳ್ಳಲ್ಲ. ರಣರಂಗದ ಸಿಪಾಯಿಗೆ ಅಂಕಣದ ಶುಚಿತ್ವ ದೊರೆಯದು. ಆದರೆ ರಂಧ್ರದ ಆಕ್ಷೇಪಣೆಯು ನಿಲ್ಲಲಿಲ್ಲ. 1860ರ ಜುಲೈಯಲ್ಲಿ ವಿಂಬಲ್ಡನ್ನಿನ ಗುರಿಪಂದ್ಯದ ಪ್ರಾರಂಭಕ್ಕೆ ವಿಕ್ಟೋರಿಯಾ ರಾಣಿಯು ಚೌಕಟ್ಟಿಗೆ ಬಿಗಿದ ವಿಟ್‌ವರ್ತ್ ಕೋವಿಯ ದಾರವನ್ನೆಳೆದಾಗ, 400 ಗಜದಾಚೆ ಗುಂಡು ನಟ್ಟನಡುವಿನಿಂದ ಒಂದೂಕಾಲು ಅಂಗುಲದಲ್ಲಿ ನೆಟ್ಟಿತು. ಮುಂದೆ 1871ರಲ್ಲಿ ಸೈನ್ಯವು ಕೈಗೊಂಡ ಮಾರ್ಟಿನಿ-ಹೆನ್ರಿ ಕೋವಿಯ ರಂಧ್ರವು ಅದೇ 0.45 ಅಂಗುಲ, ತಿರುವು 22 ಅಂಗುಲಕ್ಕೊಂದು! ನಿರಾಕರಿಸಿದ ಅಳತೆಗೇ ಹೆಚ್ಚುಕಡಿಮೆ ಮರಳಿ ಬಂದಂತಾಯಿತು.

ಈ ನಿಖರತೆಯ ಕ್ರೂರ ಮುಖವನ್ನು ಅಮೆರಿಕದ ಅಂತರ್ಯುದ್ಧವು ಕಂಡಿತು. ದಕ್ಷಿಣದವರು ಕಡಲ ದಿಗ್ಬಂಧವನ್ನು ತಪ್ಪಿಸಿ ಈ ಕೋವಿಗಳನ್ನು ತರಿಸಿ, ಆರಿಸಿದ ಗುರಿಕಾರರ ಕೈಗೆ ಕೊಟ್ಟರು. 1864ರ ಮೇ 9ರಂದು ಸ್ಪಾಟ್ಸಿಲ್ವೇನಿಯದಲ್ಲಿ ಉತ್ತರದವರ ಸೇನಾಪತಿ ಸೆಜ್‌ವಿಕ್ಕನು ದೂರದ ಗುಂಡಿಗೆ ಬಲಿಯಾದನು; ಅದು ವಿಟ್‌ವರ್ತ್ ಕೋವಿಯದೆಂದು ಬಹುಮಂದಿ ನಂಬಿರುವರು. ಅಳತೆಗೆ ಸತ್ಯಾಸತ್ಯ ಗೊತ್ತು, ಧರ್ಮಾಧರ್ಮ ಗೊತ್ತಿಲ್ಲ. ಅದನ್ನು ತಿಳಿಯಬೇಕಾದವನು ಅಳತೆಯನ್ನು ಬಳಸುವ ಮನುಷ್ಯನು.

ಇಂದಿನ ಪಿಸ್ತೂಲುಗಳಲ್ಲಿಯೂ ಆತನ ಪಾಠವೇ ನಡೆದಿದೆ. ಕೆಲವು ಪಿಸ್ತೂಲುಗಳ ನಳಿಗೆಗೆ ಚೂಪಾದ ಗೀರುಗಳಿಲ್ಲದೆ ಬಹುಮುಖದ ಸುರುಳಿರಂಧ್ರವಿರುವುದು. ಅಂಥವುಗಳಲ್ಲಿ ತಾಮ್ರದ ಕವಚವಿಲ್ಲದ ಬರಿಯ ಸೀಸದ ಗುಂಡನ್ನು ಹಾರಿಸಬಾರದೆಂದು ಕೆಲವು ತಯಾರಕರು ಎಚ್ಚರಿಸುವುದುಂಟು. ಸೀಸವು ಒಳಗೆ ಮೆತ್ತಿಕೊಂಡು ಒತ್ತಡ ಏರುವುದು. ಒಂಬತ್ತು ಮಿಲಿಮೀಟರಿನ ನಳಿಗೆಗೆ ಸಾಮಾನ್ಯವಾಗಿ ಸುಮಾರು 10 ಅಂಗುಲಕ್ಕೊಂದು ಸುತ್ತು. ಅದರಲ್ಲಿ 115, 124, 147 ಗ್ರೇನಿನ ಗುಂಡುಗಳು ನಡೆಯುವುವು. ಆದರೂ ಒಂದು ಪಿಸ್ತೂಲಿಗೆ ಒಗ್ಗಿದ ಗುಂಡು ಅದೇ ಮಾದರಿಯ ಇನ್ನೊಂದಕ್ಕೆ ಅಷ್ಟು ಒಗ್ಗದಿರಬಹುದು. ಬೆಲೆಯನ್ನೋ ಹೆಸರನ್ನೋ ನೋಡಿ ಇದನ್ನು ನಿರ್ಣಯಿಸಲಾಗದು. ಬಿಗಿದಿಟ್ಟು ಹಾರಿಸಿ, ತೂತುಗಳ ನಡುವಣ ದೂರವನ್ನು ಅಳೆಯುವುದೊಂದೇ ದಾರಿ.

ವಿಟ್‌ವರ್ತನು 1868ರಲ್ಲಿ ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿ, ಶಾಸ್ತ್ರ ಬಲ್ಲವನಿಗೆ ಕೈಕೆಲಸವೂ ಕೈಕೆಲಸದವನಿಗೆ ಶಾಸ್ತ್ರವೂ ಬರಲೆಂದು ಏರ್ಪಡಿಸಿದನು. ಮರುವರ್ಷ ಬ್ಯಾರೊನೆಟ್ ಪದವಿ ದೊರೆಯಿತು. 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ತೀರಿಕೊಂಡನು. ಆತನ ಸಂಪತ್ತಿನ ಬಹುಭಾಗವು ಮ್ಯಾಂಚೆಸ್ಟರಿನ ವಿದ್ಯೆಗೂ ಕಲೆಗೂ ಆರೋಗ್ಯಕ್ಕೂ ಸಂದಿತು. ಕೋವಿಗಳು ವಸ್ತುಸಂಗ್ರಹಾಲಯಗಳನ್ನು ಸೇರಿವೆ. ವಿದ್ಯಾರ್ಥಿವೇತನವು ಇಂದಿಗೂ ನಡೆದಿದೆ.

ಯಂತ್ರಗಳನ್ನು ಕೊಡೆಂದವರಿಗೆ ಮೊದಲು ಪರೀಕ್ಷೆಯಾಗಲೆಂದು ಹೇಳುವ ಧೈರ್ಯ ಸುಲಭವಾದುದಲ್ಲ. ಅದಕ್ಕೆ ಲಾಭವನ್ನು ತಡೆದಿಡುವ ಮನಸ್ಸು ಬೇಕು. ನಮ್ಮ ಊರುಗಳಲ್ಲಿ ಯೋಜನೆಗಳು ಕಡತದ ಮೇಲೆ ನೇರವಾಗಿ ಹೊರಟು ನೆಲದ ಮೇಲೆ ವಾಲಿ ಬೀಳುವುದನ್ನು ನಾವು ಕಾಣುತ್ತೇವೆ. ಆಗಲೂ ಹಿಡಿದವನ ಕೈಯನ್ನೇ ದೂರುತ್ತೇವೆ. ಯೋಜನೆಗೂ ಜನಕ್ಕೂ ಹೊಂದಿಕೆಯಿತ್ತೇ, ಅದನ್ನು ಯಾರಾದರೂ ಅಳೆದು ನೋಡಿದರೇ ಎಂದು ಮೊದಲು ಕೇಳುವ ಅಧಿಕಾರಿಗಳು ಹೆಚ್ಚಲಿ ಎಂದು ಹಾರೈಸುತ್ತೇವೆ.