ವಿವೇಕಾನಂದರ ಮಧುಮೇಹ ಮತ್ತು ಕಠಿಣ ಪಥ್ಯ: ಇಂದಿನ ರೋಗಿಗಳು ತಿಳಿಯಬೇಕಾದದ್ದು

ನಿಮಗೆ ಅಥವಾ ನಿಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನದಿಂದ ಸಲಹೆಗಳಿಗೆ ಬರವಿರುವುದಿಲ್ಲ. ಅನ್ನ ಬಿಟ್ಟುಬಿಡಿ ಎಂದು ಒಬ್ಬರು, ಮುದ್ದೆ ಎಷ್ಟು ಬೇಕಾದರೂ ತಿನ್ನಿ ಎಂದು ಇನ್ನೊಬ್ಬರು, ಬರೀ ಮೊಟ್ಟೆ, ಪನೀರು, ಮಾಂಸದಲ್ಲೇ ಇರಿ ಎಂದು ಮತ್ತೊಬ್ಬರು ಹೇಳುತ್ತಾರೆ. ಹಿಟ್ಟು, ಸಕ್ಕರೆಯ ಅಂಶವನ್ನು, ಅಂದರೆ ಕಾರ್ಬೋಹೈಡ್ರೇಟನ್ನು, ತೀರಾ ಕಡಿಮೆ ಮಾಡುವ ಊಟ ಈಗಿನ ಕಾಲದ್ದು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ 125 ವರ್ಷಗಳಿಗೂ ಹಿಂದೆ, 1897ರಲ್ಲಿ, ಕೋಲ್ಕತ್ತಾದ 34 ವರ್ಷದ ಒಬ್ಬ ರೋಗಿ ಇದೇ ಪಥ್ಯವನ್ನು ಹಿಡಿದಿದ್ದರು. ಅವರು ಸ್ವಾಮಿ ವಿವೇಕಾನಂದರು.

ಅವರ ಉಪದೇಶಗಳನ್ನು ನೀವು ಓದಿರಬಹುದು. ಇಲ್ಲಿ ಅವರನ್ನು ಒಬ್ಬ ಮಧುಮೇಹಿಯಾಗಿ ನೋಡೋಣ. ಅವರ ಅನುಭವದಿಂದ ಯಾವುದನ್ನು ತೆಗೆದುಕೊಳ್ಳಬಹುದು, ಯಾವುದನ್ನು ಎಂದಿಗೂ ಅನುಸರಿಸಬಾರದು ಎಂಬುದು ನಿಮಗೆ ಉಪಯೋಗವಾದೀತು.

ಊಟ ಪ್ರಿಯರಾಗಿದ್ದ ನರೇಂದ್ರ

ನರೇಂದ್ರನಾಥ ದತ್ತ ಹುಟ್ಟಿದ್ದು 1863ರ ಜನವರಿ 12ರಂದು, ಉತ್ತರ ಕೋಲ್ಕತ್ತಾದ ಸಿಮುಲಿಯಾ ಬಡಾವಣೆಯಲ್ಲಿ. ತಂದೆ ವಿಶ್ವನಾಥ ದತ್ತ ಕಲ್ಕತ್ತಾ ಹೈಕೋರ್ಟಿನಲ್ಲಿ ವಕೀಲರು. ಅನುಕೂಲಸ್ಥ ಮನೆ, ಧಾರಾಳವಾದ ಊಟ. ನರೇಂದ್ರನಿಗೆ ತಿನ್ನುವುದೂ ಇಷ್ಟ, ಅಡುಗೆ ಮಾಡುವುದೂ ಇಷ್ಟ. ಮೆಣಸಿನಕಾಯಿಯ ಖಾರ, ಮೀನು, ಚಹಾ, ಮುಂದೆ ಅಮೆರಿಕದಲ್ಲಿ ಐಸ್ ಕ್ರೀಮ್, ಇವೆಲ್ಲ ಅವರಿಗೆ ಪ್ರಿಯವಾದವು.

1884ರಲ್ಲಿ ತಂದೆ ಹೃದಯದ ಕಾಯಿಲೆಯಿಂದ ಹಠಾತ್ತನೆ ತೀರಿಕೊಂಡರು. ಮನೆಯಲ್ಲಿ ಸಾಲ ಬಯಲಾಯಿತು. ತುಂಬಿದ ತಟ್ಟೆಯ ಮನೆಯಲ್ಲಿ ಊಟಕ್ಕೆ ಕಷ್ಟವಾಯಿತು. 1886ರಲ್ಲಿ ಗುರು ರಾಮಕೃಷ್ಣ ಪರಮಹಂಸರು ದೇಹ ಬಿಟ್ಟ ಮೇಲೆ ಬಾರಾನಗರದ ಹಾಳು ಮನೆಯೊಂದರಲ್ಲಿ ಶಿಷ್ಯರೆಲ್ಲ ಸೇರಿ ಮಠ ಕಟ್ಟಿದರು. ಅಲ್ಲಿ ಎಷ್ಟೋ ದಿನ ಅನ್ನ, ಉಪ್ಪು, ಬೇಯಿಸಿದ ತೊಂಡೆ ಎಲೆ ಇಷ್ಟೇ ಊಟ. ಆಮೇಲೆ ವರ್ಷಗಟ್ಟಲೆ ದೇಶ ಸಂಚಾರ. ಒಂದು ದಿನ ಅರಮನೆಯ ಭೋಜನ, ಮರುದಿನ ಉಪವಾಸ. 1892ರಲ್ಲಿ ಬೆಳಗಾವಿ, ಬೆಂಗಳೂರು, ಮೈಸೂರುಗಳಿಗೂ ಬಂದರು. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಚಾಮರಾಜ ಒಡೆಯರ ಅತಿಥಿಯಾಗಿದ್ದರು. 1893ರಲ್ಲಿ ಚಿಕಾಗೋ ಸಮ್ಮೇಳನ. ಅಲ್ಲಿಂದ ಮುಂದೆ ಮೂರೂವರೆ ವರ್ಷ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಬಿಡುವಿಲ್ಲದ ಭಾಷಣ, ಪಾಠ, ಪ್ರಯಾಣ.

ಕಾಯಿಲೆ ಗೊತ್ತಾದಾಗ

1897ರ ಜನವರಿಯಲ್ಲಿ ಅವರು ಕೊಲಂಬೊದಲ್ಲಿ ಬಂದಿಳಿದರು. ಅಲ್ಲಿಂದ ಕೋಲ್ಕತ್ತಾದವರೆಗೆ ಊರೂರಿನಲ್ಲಿ ಮೆರವಣಿಗೆ, ಸನ್ಮಾನ. ಫೆಬ್ರವರಿ ಕೊನೆಯ ಹೊತ್ತಿಗೆ ದೇಹ ಕುಸಿದಿತ್ತು. ವೈದ್ಯರು ಮಧುಮೇಹ ಎಂದರು. ಬಂಗಾಳದಲ್ಲಿ ಆಗ ಅದಕ್ಕೆ ಬಹುಮೂತ್ರ ಎಂಬ ಹೆಸರೂ ಇತ್ತು. ಕೆಲಸವನ್ನೆಲ್ಲ ನಿಲ್ಲಿಸಿ ಬೆಟ್ಟದ ಊರಿಗೆ ಹೋಗಿ ಎಂಬ ಸಲಹೆಯಂತೆ ಮಾರ್ಚ್‌ನಲ್ಲಿ ಡಾರ್ಜಿಲಿಂಗ್‌ಗೆ ಹೋದರು.

ಅಲ್ಲಿಂದ ಅಮೆರಿಕದ ಗೆಳೆಯರಿಗೆ ಅವರು ಬರೆದ ಪತ್ರಗಳಲ್ಲಿ ಈ ರೋಗದ ವಿಷಯ ಮುಚ್ಚುಮರೆಯಿಲ್ಲದೆ ಬರುತ್ತದೆ. ಇದು ತಮ್ಮ ವಂಶದಲ್ಲೇ ಇರುವ ರೋಗ, ಕೆಲವೇ ವರ್ಷಗಳಲ್ಲಿ ತಮ್ಮನ್ನು ಒಯ್ಯುತ್ತದೆ ಎಂದು ಅವರು ತಿಳಿದಿದ್ದರು. ಅದು ಬರೀ ಭಯವಾಗಿರಲಿಲ್ಲ. ಇದೇ ಕೋಲ್ಕತ್ತಾದಲ್ಲಿ ಬ್ರಹ್ಮ ಸಮಾಜದ ನಾಯಕ ಕೇಶವಚಂದ್ರ ಸೇನರು 1884ರ ಜನವರಿಯಲ್ಲಿ, 45ನೇ ವಯಸ್ಸಿನಲ್ಲಿ, ಮಧುಮೇಹದಿಂದಲೇ ತೀರಿಕೊಂಡಿದ್ದರು. ಯುವಕ ನರೇಂದ್ರ ಅವರನ್ನು ಹತ್ತಿರದಿಂದ ಬಲ್ಲವನು.

ತಂದೆ, ತಾಯಿ, ಒಡಹುಟ್ಟಿದವರಲ್ಲಿ ಮಧುಮೇಹ ಇದ್ದರೆ ನಿಮಗೂ ಬರುವ ಸಾಧ್ಯತೆ ಹೆಚ್ಚು. ಭಾರತೀಯರಿಗೆ ಇದು ಚಿಕ್ಕ ವಯಸ್ಸಿನಲ್ಲೇ, ಅಷ್ಟೇನೂ ದಪ್ಪ ಇಲ್ಲದವರಿಗೂ ಬರುತ್ತದೆ. ಹಾಗಾಗಿ ಮನೆಯಲ್ಲಿ ಯಾರಿಗಾದರೂ ಇದ್ದರೆ ಲಕ್ಷಣಗಳಿಗೆ ಕಾಯದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಮಾಂಸ ಮಾತ್ರ, ನೀರೂ ಇಲ್ಲ

ಡಾರ್ಜಿಲಿಂಗ್‌ನಲ್ಲಿ ಅವರಿಗೆ ಹೇಳಿದ ಪಥ್ಯ ತೀರಾ ಕಠಿಣ. ಮಾಂಸ ಮಾತ್ರ ತಿನ್ನಬೇಕು. ಬ್ರೆಡ್ಡು, ಅನ್ನ, ಆಲೂಗಡ್ಡೆ ಯಾವುದೂ ಕೂಡದು. ಕಾಫಿಗೂ ಸಕ್ಕರೆ ಹಾಕುವಂತಿಲ್ಲ. ನೀರನ್ನೂ ಕುಡಿಯಬಾರದು. ತಲೆಗೆ ಪೂರ್ತಿ ವಿಶ್ರಾಂತಿ ಕೊಡಬೇಕು. ಏಪ್ರಿಲ್ ಕೊನೆಯ ಹೊತ್ತಿಗೆ ಮೈತೂಕ ಬೇಗ ಇಳಿಯುತ್ತಿದೆ, ಕೂದಲು ನರೆಯುತ್ತಿದೆ, ಮುಖ ಸುಕ್ಕುಗಟ್ಟಿದೆ ಎಂದು ಅವರು ತಮಾಷೆಯಾಗಿಯೇ ಬರೆದರು.

ವೈದ್ಯರು ಹೀಗೇಕೆ ಹೇಳಿದರು? ಆಗ ಇನ್ಸುಲಿನ್ ಇರಲಿಲ್ಲ. ಅದನ್ನು ಕೆನಡಾದ ಟೊರಾಂಟೊದಲ್ಲಿ ಕಂಡುಹಿಡಿದದ್ದು 1921ರಲ್ಲಿ, ರೋಗಿಗೆ ಮೊದಲು ಕೊಟ್ಟದ್ದು 1922ರ ಜನವರಿಯಲ್ಲಿ. ಅಲ್ಲಿಯವರೆಗೆ ಪಥ್ಯವೇ ಮುಖ್ಯ ಔಷಧಿ. ಜಾನ್ ರೋಲೊ ಎಂಬ ಬ್ರಿಟಿಷ್ ಸೇನಾ ವೈದ್ಯ 1797ರಲ್ಲೇ ಮಧುಮೇಹಕ್ಕೆ ಮಾಂಸಾಹಾರದ ಪಥ್ಯವನ್ನು ಬರೆದಿದ್ದ. 1870ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಆಹಾರ ಸಿಗದಂತಾದಾಗ, ಕೆಲವು ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಾಣಿಸದಾದದ್ದನ್ನು ಬೂಶಾರ್ಡಾ ಎಂಬ ವೈದ್ಯ ಗಮನಿಸಿದ್ದ. ನಮ್ಮ ಚರಕ ಸಂಹಿತೆಯೂ ಪ್ರಮೇಹಕ್ಕೆ ಕಾರಣ ಹೇಳುವಾಗ ಕೂತಲ್ಲೇ ಕೂರುವುದು, ಅತಿಯಾದ ನಿದ್ದೆ, ಮೊಸರು, ಹೊಸ ಅಕ್ಕಿ, ಬೆಲ್ಲದ ತಿಂಡಿಗಳನ್ನು ಹೆಸರಿಸುತ್ತದೆ.

ಈ ಪಥ್ಯದ ಒಂದು ಭಾಗ ಸರಿ, ಇನ್ನೊಂದು ಭಾಗ ಅಪಾಯಕಾರಿ. ಅನ್ನ, ಹಿಟ್ಟು, ಸಕ್ಕರೆ ಕಡಿಮೆಯಾದರೆ ರಕ್ತದ ಸಕ್ಕರೆ ಇಳಿಯುತ್ತದೆ ಎಂಬುದು ಇಂದಿಗೂ ಸರಿ. ನೀರು ಬಿಡುವುದು ಮಾತ್ರ ತಪ್ಪು. ರಕ್ತದಲ್ಲಿ ಸಕ್ಕರೆ ಮಿತಿ ಮೀರಿದಾಗ ಮೂತ್ರಪಿಂಡಗಳು ಅದನ್ನು ಹೊರಗೆ ಹಾಕುತ್ತವೆ. ಆ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಪದೇ ಪದೇ ಮೂತ್ರ, ಆದ್ದರಿಂದಲೇ ಬಾಯಾರಿಕೆ. ನೀರು ಕುಡಿಯುವುದರಿಂದ ಬಹುಮೂತ್ರ ಬರುವುದಲ್ಲ. ನೀರು ನಿಲ್ಲಿಸಿದರೆ ದೇಹ ಒಣಗಿ ರೋಗಿಯ ಸ್ಥಿತಿ ಕೆಡುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗಾಗಿ ನಿಮ್ಮ ವೈದ್ಯರೇ ನೀರಿಗೆ ಅಳತೆ ಹಾಕಿದ್ದರೆ ಮಾತ್ರ ಆ ಅಳತೆಯಲ್ಲಿರಿ.

ಪಥ್ಯ ಹಿಡಿಯುವುದು, ಹಿಡಿದದ್ದನ್ನು ಉಳಿಸಿಕೊಳ್ಳುವುದು

ಡಾರ್ಜಿಲಿಂಗ್‌ನಿಂದ ಇಳಿದು ಬಂದ ವಿವೇಕಾನಂದರು 1897ರ ಮೇ 1ರಂದು ಬಾಗ್‌ಬಜಾರಿನ ಬಲರಾಮ ಬಸು ಅವರ ಮನೆಯಲ್ಲಿ ರಾಮಕೃಷ್ಣ ಮಿಷನ್ ಆರಂಭಿಸಿದರು. ಕೆಲವೇ ದಿನಗಳಲ್ಲಿ ಅಲ್ಮೋರಾಕ್ಕೆ ಹೋದರು. ಅಲ್ಲಿ ಬೆಳಿಗ್ಗೆ, ಸಂಜೆ ಕುದುರೆ ಸವಾರಿ, ವ್ಯಾಯಾಮ. ಮೈ ಹಗುರವಾಗಿದೆ, ಎಷ್ಟೋ ಸುಧಾರಿಸಿದೆ ಎಂದು ಕೋಲ್ಕತ್ತಾದ ವೈದ್ಯ ಮಿತ್ರರಿಗೆ ತಿಳಿಸಿದರು. ಇದು ಇಂದಿನ ವೈದ್ಯಶಾಸ್ತ್ರವೂ ಒಪ್ಪುವ ಮಾತು. ಸ್ನಾಯುಗಳು ದುಡಿದಾಗ ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ಆದರೆ ಆ ಶಿಸ್ತಿಗೆ ಬೇಕಾದ ನೆಲೆ ಅವರ ಬದುಕಿನಲ್ಲಿ ಇರಲಿಲ್ಲ. ಪಂಜಾಬ್, ಕಾಶ್ಮೀರ, 1898ರಲ್ಲಿ ಬೇಲೂರು ಮಠದ ಕೆಲಸ, 1899ರಲ್ಲಿ ಮತ್ತೆ ಅಮೆರಿಕ. ಒಂದೊಂದು ಊರಿನಲ್ಲಿ ಒಂದೊಂದು ಮನೆಯ ಊಟ, ಒಂದೊಂದು ಬಗೆಯ ಚಿಕಿತ್ಸೆ. ಅಲೋಪಥಿ, ಆಯುರ್ವೇದ, ಅಮೆರಿಕದಲ್ಲಿ ಆಸ್ಟಿಯೋಪಥಿ, ಮೈಗೆ ಕೈ ಉಜ್ಜುವ ಚಿಕಿತ್ಸೆ, ಎಲ್ಲವನ್ನೂ ನೋಡಿದರು. 1900ರ ಡಿಸೆಂಬರ್‌ನಲ್ಲಿ ಬೇಲೂರಿಗೆ ಮರಳುವಾಗ ಆರೋಗ್ಯ ಮತ್ತಷ್ಟು ಹದಗೆಟ್ಟಿತ್ತು.

1901ರ ಬೇಸಿಗೆಯಲ್ಲಿ ಕಾಲುಗಳು ಬಾತುಕೊಂಡವು. ಮಹಾನಂದ ಸೇನಗುಪ್ತ ಎಂಬ ಆಯುರ್ವೇದ ಪಂಡಿತರು ಉಪ್ಪು, ನೀರು ಎರಡನ್ನೂ ಬಿಡಿಸಿ ಹಾಲಿನ ಪಥ್ಯಕ್ಕೆ ಹಾಕಿದರು. ಬಂಗಾಳದ ಸೆಕೆಯಲ್ಲಿ ಗಂಟೆಗೆ ನಾಲ್ಕೈದು ಸಲ ನೀರು ಕುಡಿಯುತ್ತಿದ್ದವರು 21 ದಿನ ಬಾಯಿಗೆ ನೀರು ಹಾಕಲಿಲ್ಲ. ಅದೇ ದಿನಗಳಲ್ಲಿ ಮಠಕ್ಕೆ ತರಿಸಿದ್ದ ಬ್ರಿಟಾನಿಕಾ ವಿಶ್ವಕೋಶದ ಸಂಪುಟಗಳನ್ನು ಒಂದೊಂದಾಗಿ ಓದಿ ಮುಗಿಸುತ್ತಿದ್ದರು. ಅವರ ಮನೋಬಲಕ್ಕೆ ಬೇರೆ ಸಾಕ್ಷಿ ಬೇಡ. ಆ ಸಲ ಬಾವು ಇಳಿದು ಸ್ವಲ್ಪ ಸುಧಾರಿಸಿದರು.

ಆದರೂ ರೋಗ ನಿಲ್ಲಲಿಲ್ಲ. ಮುಂದಿನ ತಿಂಗಳುಗಳಲ್ಲಿ ಬಲಗಣ್ಣಿನ ದೃಷ್ಟಿ ಮಂದವಾಯಿತು. 1902ರ ಜುಲೈ 4ರಂದು ಬೆಳಿಗ್ಗೆ ಧ್ಯಾನ ಮಾಡಿ, ಮಧ್ಯಾಹ್ನ ಎಲ್ಲರ ಜೊತೆ ಕೂತು ಇಲಿಶ್ ಮೀನಿನ ಊಟ ಮಾಡಿ, ವ್ಯಾಕರಣದ ಪಾಠ ಹೇಳಿ, ಸಂಜೆ ನಡೆದಾಡಿ ಬಂದರು. ರಾತ್ರಿ 9 ಗಂಟೆಯ ಸುಮಾರಿಗೆ ತೀರಿಕೊಂಡರು. ವಯಸ್ಸು 39.

ಇದರಿಂದ ನಿಮಗೇನು?

ಪಥ್ಯ ಮುರಿದಾಗ ಮನಸ್ಸು ಗಟ್ಟಿಯಿಲ್ಲ ಎಂದು ನಿಮ್ಮನ್ನು ನೀವೇ ಬೈದುಕೊಂಡಿರಬಹುದು. ಮನೆಯವರೂ ಹಾಗೆ ಅಂದಿರಬಹುದು. ಮನಸ್ಸಿನ ಗಟ್ಟಿತನ ಒಂದೇ ಸಾಕಾಗಿದ್ದರೆ ವಿವೇಕಾನಂದರಿಗೆ ಈ ರೋಗ ಸೋಲಬೇಕಿತ್ತು. ಅವರಿಗೆ ಇಲ್ಲದೇ ಇದ್ದದ್ದು ಔಷಧಿ, ಆಗಾಗ ನೋಡಿಕೊಳ್ಳುವ ರಕ್ತಪರೀಕ್ಷೆ, ವರ್ಷಗಟ್ಟಲೆ ನಡೆಸಬಹುದಾದ ಒಂದು ಊಟದ ಕ್ರಮ. ಈ ಮೂರೂ ನಿಮಗೆ ಸಿಗುತ್ತವೆ.

ಕಾರ್ಬೋಹೈಡ್ರೇಟ್ ಕಡಿಮೆ ಇರುವ ಊಟದಿಂದ ಮೊದಲ ಆರು ತಿಂಗಳು ರಕ್ತದ ಸಕ್ಕರೆ, ತೂಕ ಎರಡೂ ಚೆನ್ನಾಗಿ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ವರ್ಷ ಕಳೆಯುವ ಹೊತ್ತಿಗೆ ಬೇರೆ ಪಥ್ಯಗಳಿಗೂ ಇದಕ್ಕೂ ಇರುವ ಅಂತರ ಕಡಿಮೆಯಾಗುತ್ತದೆ. ಇದಕ್ಕೆ ಒಂದು ದೊಡ್ಡ ಕಾರಣ, ಬಹಳ ಜನ ಅಷ್ಟು ದಿನ ಅದನ್ನು ಪಾಲಿಸಲಾರರು.

ಶುರು ಮಾಡುವ ಮೊದಲು:

• ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ಬಿಡಬೇಡಿ. ಊಟ ಇಳಿಸಿ ಔಷಧಿ ಹಾಗೆಯೇ ಇಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.
• ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಕಠಿಣ ಪಥ್ಯದಿಂದ ರಕ್ತದಲ್ಲಿ ಆಮ್ಲ ಹೆಚ್ಚುವ ಕೀಟೋಅಸಿಡೋಸಿಸ್ ಆಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.
• ಗರ್ಭಿಣಿಯರು, ಮಕ್ಕಳು, ಟೈಪ್ 1 ಮಧುಮೇಹಿಗಳು, ಮೂತ್ರಪಿಂಡದ ಕಾಯಿಲೆ ಇರುವವರು ತಾವಾಗಿಯೇ ಇಂಥ ಪಥ್ಯ ಹಿಡಿಯಬಾರದು.
• ಬೆವರು, ನಡುಕ, ತಲೆಸುತ್ತು ಬಂದು ಸಕ್ಕರೆ 70ಕ್ಕಿಂತ ಕೆಳಗಿದ್ದರೆ 15 ಗ್ರಾಂ, ಅಂದರೆ ಸುಮಾರು ಮೂರು ಚಮಚ, ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಆಗ ಪಥ್ಯ ನೋಡಬೇಡಿ.

ಶುರು ಮಾಡಿದ ಮೇಲೆ:

• ಒಂದೇ ದಿನಕ್ಕೆ ಎಲ್ಲ ಬಿಡುವ ಬದಲು ಮೊದಲು ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸ, ಬೇಕರಿ ತಿಂಡಿ ನಿಲ್ಲಿಸಿ. ಬೆಲ್ಲವೂ ಸಕ್ಕರೆಯೇ.
• ಆಮೇಲೆ ಅನ್ನ, ಮುದ್ದೆ, ರೊಟ್ಟಿಗಳ ಅಳತೆ ಇಳಿಸಿ. ಒಂದು ಬಟ್ಟಲು, ಅಂದರೆ ಸುಮಾರು 150 ಗ್ರಾಂ ಅನ್ನದಲ್ಲಿ 40 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇರುತ್ತದೆ. ರಾಗಿಯಲ್ಲೂ ಅದು ಹೇರಳವಾಗಿದೆ. ಮುದ್ದೆ ಎಷ್ಟಾದರೂ ತಿನ್ನಬಹುದು ಎಂಬುದು ನಿಜವಲ್ಲ.
• ಹಾಲು ಬರೀ ಪ್ರೋಟೀನ್ ಅಲ್ಲ. ಒಂದು ಲೀಟರಿನಲ್ಲಿ ಸುಮಾರು 50 ಗ್ರಾಂ ಹಾಲಿನ ಸಕ್ಕರೆ ಇರುತ್ತದೆ. ಹಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.
• ಬಿಟ್ಟ ಜಾಗವನ್ನು ತುಂಬಿಸಿ. ಸೊಪ್ಪು, ಬೀನ್ಸ್, ಹೀರೆಕಾಯಿ, ಎಲೆಕೋಸು, ಹಾಗಲಕಾಯಿ ಪಲ್ಯ ಹೆಚ್ಚಿರಲಿ. ಮೊಟ್ಟೆ, ಮೀನು, ಕೋಳಿ, ಪನೀರು, ಮೊಳಕೆ ಕಾಳು, ನೆಲಗಡಲೆಗಳಲ್ಲಿ ನಿಮಗೆ ಒಗ್ಗುವುದನ್ನು ಆರಿಸಿಕೊಳ್ಳಿ. ಹಸಿದುಕೊಂಡಿರುವ ಪಥ್ಯ ಹೆಚ್ಚು ದಿನ ನಡೆಯುವುದಿಲ್ಲ.
• ಮೊದಲ ವಾರ ತಲೆನೋವು, ಸುಸ್ತು, ಮಲಬದ್ಧತೆ ಆಗಬಹುದು. ನೀರು ಚೆನ್ನಾಗಿ ಕುಡಿಯಿರಿ. ಬಿಪಿ ಮಾತ್ರೆ ತಿನ್ನುವವರು ಬಿಪಿ ನೋಡಿಸಿಕೊಳ್ಳಿ, ಅದೂ ಇಳಿಯಬಹುದು.
• ಮದುವೆ, ಹಬ್ಬ, ಪ್ರಯಾಣಕ್ಕೆ ಮುಂಚೆಯೇ ಯೋಚಿಸಿಡಿ. ಒಂದು ಹೋಳಿಗೆ ತಿಂದರೆ ಪಥ್ಯ ಮುಗಿಯಿತು ಎಂದಲ್ಲ. ಮುಂದಿನ ಊಟದಿಂದ ಮತ್ತೆ ಹಳೆಯ ಕ್ರಮಕ್ಕೆ ಬನ್ನಿ.

ಆರೈಕೆ ಮಾಡುವವರಿಗೆ ಒಂದು ಮಾತು. ಒಬ್ಬರಿಗೆ ಮಾತ್ರ ಬೇರೆ ತಟ್ಟೆ ಇಟ್ಟು ಉಳಿದವರು ಎದುರಿಗೇ ಪಾಯಸ ತಿಂದರೆ ಯಾರ ಪಥ್ಯವೂ ನಿಲ್ಲದು. ಪಲ್ಯ ಹೆಚ್ಚು, ಅನ್ನ ಕಡಿಮೆ ಎಂಬ ಊಟ ಮನೆಯವರೆಲ್ಲರಿಗೂ ಒಳ್ಳೆಯದೇ.

ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ, ಮೂತ್ರದಲ್ಲಿ ಅಲ್ಬುಮಿನ್, ಕ್ರಿಯಾಟಿನಿನ್, ಪಾದಗಳ ಪರೀಕ್ಷೆ ಮಾಡಿಸಿ. ಕಾಲು ಬಾತುಕೊಂಡರೆ, ದೃಷ್ಟಿ ಮಂದವಾದರೆ ಪಥ್ಯ ಬದಲಿಸಿ ನೋಡುತ್ತ ಕೂರಬೇಡಿ. ಅದೇ ವಾರ ವೈದ್ಯರ ಬಳಿ ಹೋಗಿ.