ತಲೆಗೆ ಹೊಲಿಗೆ ಬಿದ್ದವನನ್ನು ಆಡಿಸಿದ ರಹೀಂ ಸಾಹೇಬರು

ಕೋಲಾರದ ಚಿನ್ನದ ಗಣಿ ಊರಿಗೆ ಫುಟ್ಬಾಲ್ ಹುಚ್ಚು ಇವತ್ತು ನಿನ್ನೆ ಹಿಡಿದದ್ದಲ್ಲ, ಬ್ರಿಟಿಷರು ಗಣಿ ನಡೆಸುತ್ತಿದ್ದ ಕಾಲದ್ದು. 2001ರಲ್ಲಿ ಗಣಿ ಮುಚ್ಚಿತು, ಚೆಂಡು ನಿಲ್ಲಲಿಲ್ಲ. ಕೆಜಿಎಫ್ ಇರಲಿ, ಬಂಗಾರಪೇಟೆ ಇರಲಿ, ನಮ್ಮ ಮಂಗಳೂರಿನ ನೆಹರೂ ಮೈದಾನವೇ ಇರಲಿ, ಟೂರ್ನಮೆಂಟ್ ಬಂದರೆ ಒಂದು ಜಗಳ ಇದ್ದದ್ದೇ. ಮೊಣಕಾಲು ಊದಿರುವ ಒಳ್ಳೆ ಆಟಗಾರನನ್ನು ತಂಡಕ್ಕೆ ತಗೊಳ್ಳಬೇಕಾ, ಬಿಡಬೇಕಾ? ಗಣಿಯವರಿಗೆ ಇದು ಬರೀ ಆಟದ ಪ್ರಶ್ನೆಯಲ್ಲ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹತ್ತಿದವನನ್ನು ಮತ್ತೆ ಕೆಳಗೆ ಇಳಿಸಿದರೆ ಏನಾಗುತ್ತದೆ ಅಂತ ಅಲ್ಲಿನ ಮನೆಗಳಿಗೆ ಗೊತ್ತು.

ಇದೇ ಪ್ರಶ್ನೆ ದೇಶದ ತಂಡದ ಮುಂದೆ ಬಂದಾಗ ಉತ್ತರ ಕೊಡಬೇಕಾದವರು ಮರ್ಹೂಂ ಸೈಯದ್ ಅಬ್ದುಲ್ ರಹೀಂ. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು, ಕಸುಬಿನಲ್ಲಿ ಮೇಷ್ಟ್ರು. ಅವರ ಕೈಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ದಿಲ್ಲಿಯ ಏಷ್ಯನ್ ಗೇಮ್ಸ್ ಚಿನ್ನ. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಎದುರು 10-1ರ ಸೋಲು. ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹ್ಮದ್ ಖಾನರದ್ದು! 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯದು.

ನಾವು ಹೇಳಬೇಕಾದದ್ದು 1962ರ ಜಕಾರ್ತದ ಕಥೆ. ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣೆಯ ಗೋಡೆಯಂತಿದ್ದ ಜರ್ನೈಲ್ ಸಿಂಗ್ ಅವರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಮುಂದಿನ ಜಪಾನ್ ಪಂದ್ಯಕ್ಕೆ ಅವರಿಲ್ಲ. ಸೆಮಿಫೈನಲ್ ಬಂತು. ಬದಲಿ ಆಟಗಾರರ ಸೌಲಭ್ಯ ಇಲ್ಲದ ಕಾಲ ಅದು, ವಿಶ್ವಕಪ್‌ಗೇ ಅದು ಬಂದದ್ದು 1970ರಲ್ಲಿ. ಗಾಯಾಳು ನಡುವೆ ಕುಸಿದರೆ ಉಳಿದ ಹತ್ತು ಜನರೇ ಆಡಬೇಕು.

ರಹೀಂ ಸಾಹೇಬರು ಜರ್ನೈಲರನ್ನು ಬಿಡಲೂ ಇಲ್ಲ, ಹಳೆ ಜಾಗಕ್ಕೆ ನಿಲ್ಲಿಸಲೂ ಇಲ್ಲ. ಡಿಫೆಂಡರ್‌ ಆದವನು ಎದುರಾಳಿಯ ಪ್ರತಿ ಎತ್ತರದ ಚೆಂಡಿಗೂ ತಲೆ ಕೊಡಲೇಬೇಕು, ತಪ್ಪಿಸಿದರೆ ಗೋಲು. ಮುಂಪಡೆಯವನಿಗೆ ಯಾವ ಚೆಂಡಿಗೆ ಹೋಗಬೇಕು ಅನ್ನುವ ಆಯ್ಕೆ ಸ್ವಲ್ಪವಾದರೂ ಇರುತ್ತದೆ. ಕಾಲೇಜು ದಿನಗಳಲ್ಲಿ ಜರ್ನೈಲ್ ಮುಂದೆ ಆಡಿದವರು ಅಂತ ಸಾಹೇಬರಿಗೆ ಗೊತ್ತಿತ್ತು. ಸೆಂಟರ್ ಫಾರ್ವರ್ಡ್ ಮಾಡಿಬಿಟ್ಟರು. ದಕ್ಷಿಣ ವಿಯೆಟ್ನಾಂ ಎದುರು 3-2ರ ಗೆಲುವು, ಅದರಲ್ಲಿ ಜರ್ನೈಲರ ಗೋಲೂ ಇತ್ತು. ಸೆಪ್ಟೆಂಬರ್ 4ರ ಫೈನಲಿನಲ್ಲಿ ಗೋಲ್‌ಕೀಪರ್ ತಂಗರಾಜ್ ಕೂಡ ಫ್ಲೂನಿಂದ ಎದ್ದು ಬಂದವರೇ. ತುಂಬಿದ ಸ್ಟೇಡಿಯಂ ಪೂರ್ತಿ ಭಾರತದ ವಿರುದ್ಧ ಕೂಗುತ್ತಿತ್ತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು, ದಕ್ಷಿಣ ಕೊರಿಯ ಎದುರು 2-1.

ಇದನ್ನೇ ಹಿಡಿದು ನಮ್ಮ ಹುಡುಗರನ್ನು ಬ್ಯಾಂಡೇಜ್ ಕಟ್ಟಿ ಇಳಿಸಿ ಅಂತ ನಾವು ಹೇಳುತ್ತಿಲ್ಲ. ತಲೆಗೆ ಪೆಟ್ಟಾದವನನ್ನು ಇವತ್ತು ಯಾವ ಡಾಕ್ಟರೂ ಅಷ್ಟು ಬೇಗ ಬಿಡುವುದಿಲ್ಲ, ಬಿಡಲೂ ಬಾರದು. ಆದರೆ ನಮ್ಮ ಮ್ಯಾನೇಜರುಗಳು ಗಾಯ ಎಲ್ಲಿದೆ, ಯಾವ ಜಾಗಕ್ಕೆ ನಿಲ್ಲಿಸಿದರೆ ಅದಕ್ಕೆ ಪೆಟ್ಟು ಕಡಿಮೆ ಅಂತ ಯೋಚಿಸುವುದು ಎಲ್ಲಿ? ಹೆಸರು ನೋಡಿ ಇಳಿಸುತ್ತಾರೆ, ಕಾಲು ಹೋದ ಮೇಲೆ ಮರೆತುಬಿಡುತ್ತಾರೆ.

ಜಕಾರ್ತದಲ್ಲಿ ಎಲ್ಲರಿಗಿಂತ ಹೆಚ್ಚು ಕಾಯಿಲೆ ಇದ್ದದ್ದು ಗೆರೆಯ ಹೊರಗೆ ನಿಂತಿದ್ದವರಿಗೇ. ರಹೀಂ ಸಾಹೇಬರ ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು. 1963ರ ಜೂನ್ 11ರಂದು, ಚಿನ್ನ ಬಂದು ಒಂಬತ್ತು ತಿಂಗಳಿಗೆ, ಹೈದರಾಬಾದಿನಲ್ಲಿ ತೀರಿಕೊಂಡರು. ಅವರ ಮಗ, ಒಲಿಂಪಿಯನ್ ಎಸ್.ಎಸ್. ಹಕೀಂ, 2021ರಲ್ಲಿ ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ. ಏಷ್ಯನ್ ಗೇಮ್ಸ್ ಫುಟ್ಬಾಲಿನಲ್ಲಿ ಭಾರತಕ್ಕೆ ಇನ್ನೊಂದು ಚಿನ್ನ ಇವತ್ತಿನವರೆಗೂ ಬಂದಿಲ್ಲ.